ಸ್ಪಿರಿಟ್ ಬೆರೆಸಿದ ಡೀಸೆಲ್

ನವೆಂಬರ್ 12, ಬುಧವಾರ, ಮುಂಡರಗಿ

ಬಡಗಿ ಕಾಕಾನ ಪಾಲಿಶ್ ಸ್ಪಿರಿಟನ್ನು ಡೀಸೆಲ್‌ಗೆ ಬೆರೆಸಿ ನೋಡುತ್ತಿದ್ದುದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೆ. ಗೋವಿನಜೋಳದಿಂದ ತೆಗೆದ ಆಲ್ಕೋಹಾಲ್ ಡೀಸೆಲ್ ಇಂಜಿನ್ನಿಗೂ ಆದೀತು ಎಂದು ಫೋನಿನಲ್ಲಿ ನೋಡಿದಾಗಿನಿಂದ ತಲೆಯಲ್ಲಿ ಅದೇ. ಸ್ಪಿರಿಟೂ ಆಲ್ಕೋಹಾಲೇ. ಆದರೆ ಮದ್ಯ ಹರಾಮ್ ಎನ್ನುವ ನಮ್ಮ ಮನೆಯಲ್ಲಿ ಆ ಹೆಸರನ್ನು ಎತ್ತುವುದು ಹೇಗೆ?

ಬೆಳಿಗ್ಗೆ ಅಮ್ಮಿ ನನ್ನ ದುಪಟ್ಟಾ ಮೂಸಿದಳು. "ಖರೆ ಹೇಳು ನಿಶಾತ, ಏನ್ ಕುಡದಿ?"

ನಗು ಬಂತು. ಅವಳ ಮುಖ ನೋಡಿ ನಿಂತಿತು. ಬೆರೆಸಿ ಅಡಗಿಸಿಟ್ಟಿದ್ದ ಬಾಟಲಿ ತಂದು ಅಬ್ಬಾನ ಮುಂದಿಟ್ಟೆ. ಶಾಲೆ ಬಿಟ್ಟಾಗಿನಿಂದ, ನೀವು ಮಾಡುವ ಪಂಪ್‌ಸೆಟ್ ರಿಪೇರಿ ನನಗೂ ಕಲಿಸಿ ಎಂದರೆ, ಹುಡುಗಿಗೆ ಬೇಡ ಎನ್ನುವವರು ಅವರು. ಇವತ್ತು ಬೈಯದೆ ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ಎರಡು ಪದರ.

"ಯಾಕ ಕೂಡವಲ್ದು?"

"ಗೊತ್ತಿಲ್ಲ ಅಬ್ಬಾ. ವಾಸನಿ ಹೋಗ್ಲಿ ಅಂತ ಬಾಟ್ಲಿನೂ ದಿನಾ ತೊಳೀತೀನಿ."

"ತೊಳದು ಒಣಗಸ್ತೀಯೇನು?"

ಇಲ್ಲ. ಅಮ್ಮಿಗೆ ಗೊತ್ತಾಗದಿರಲೆಂದು ಹಸಿಯಾಗಿಯೇ ತುಂಬಿ ಅಡಗಿಸುತ್ತಿದ್ದೆ. ಸ್ಪಿರಿಟ್ ಆ ನೀರಿನ ಜೊತೆ ಸೇರಿ ಡೀಸೆಲ್ಲಿನಿಂದ ಬೇರೆಯಾಯಿತೇ?

ಇಬ್ಬರೂ ಬಾಟಲಿಯನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬೆರೆಸಿದೆವು. ಮಧ್ಯಾಹ್ನವೆಲ್ಲ ತಿಳಿಯಾಗಿ ಕೂಡಿಯೇ ಇತ್ತು. ಸಂಜೆ ತಂಪಾದ ಮೇಲೆ ಮಸುಕಾಯಿತು. ಸ್ಪಿರಿಟಿನಲ್ಲೇ ನೀರಿತ್ತೋ, ಚಳಿಗೆ ಹಾಗಾಯಿತೋ? ಇದನ್ನು ಇಂಜಿನ್ನಿಗೆ ಹಾಕಿದರೆ ಏನಾಗುತ್ತದೆ?

"ನನಗೂ ತಿಳೀವಲ್ದು," ಎಂದರು ಅಬ್ಬಾ. ಆಮೇಲೆ ಗದಗಿನಲ್ಲಿ ಡೀಸೆಲ್ ಪಂಪ್ ರಿಪೇರಿಯ ಅಂಗಡಿ ಇಟ್ಟಿರುವ ಇಜಾಜ ಮಾಮೂಗೆ ಫೋನ್ ಹಚ್ಚಿದರು. "ಹುಡುಗಿ ಬರ್ತಾಳ. ಕೆಲಸ ಕಲಸು. ಪ್ರಶ್ನಿ ಭಾಳ ಕೇಳ್ತಾಳ, ಸಿಟ್ಟಿಗೇಳಬ್ಯಾಡ."

ಅಮ್ಮಿ ನನ್ನ ದುಪಟ್ಟಾವನ್ನು ಮತ್ತೊಮ್ಮೆ ಮೂಸಿದಳು. ಆದರೆ ನನ್ನ ಚೀಲಕ್ಕೆ ರೊಟ್ಟಿ ಕಟ್ಟಿಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಗದಗಿಗೆ ಹೊರಡುತ್ತೇನೆ.