ಬಾರದವರ ಮನೆಯ ಕಾಫಿ

ನೆಲ್ಯಹುದಿಕೇರಿ
26 ಏಪ್ರಿಲ್ 2025, ಶನಿವಾರ

ಪ್ರೀತಿಯ ದಮಯಂತಿ ಅಕ್ಕನಿಗೆ,

ನಿಮ್ಮ ಪವಿತ್ರಾ ಮಾಡುವ ನಮಸ್ಕಾರ. ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಸಿದರೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಬೇಡಿ ಅಂತ ಗಂಗಮ್ಮಜ್ಜಿ ಹೇಳಿದ್ದಾರೆ. ಅವರು ಹಿಂದೆ ಕೈ ಮುರಿದಾಗ ಹಾಗೆ ಮಾಡಿ, ಕಡ್ಡಿ ಒಳಗೇ ಉಳಿದಿತ್ತಂತೆ. ಇದನ್ನು ಎಲ್ಲರಿಗೂ ಬಹಳ ಹೆಮ್ಮೆಯಿಂದ ಹೇಳುತ್ತಾರೆ.

ತಡವಾಗಿದ್ದಕ್ಕೆ ಬೈಬೇಡಿ ಅಕ್ಕ. ಕಾಗದ ಬರೆದು ಅಭ್ಯಾಸವಿಲ್ಲ. ವಾಟ್ಸಾಪಿನಲ್ಲಾದರೆ ತಪ್ಪಾದದ್ದನ್ನು ಅಳಿಸಬಹುದು. ಇಲ್ಲಿ ಹೊಡೆದು ಹಾಕಿದ್ದೂ ನಿಮಗೆ ಕಾಣುತ್ತದೆ. ಆದರೆ ನಾನು ಉದ್ದುದ್ದ ಮೆಸೇಜ್ ಹಾಕಿದರೆ ನೀವು ಓದುವುದೇ ಇಲ್ಲ, ಒಂದು ಗುಲಾಬಿ ಸ್ಟಿಕರ್ ಹಾಕಿ ಸುಮ್ಮನಾಗುತ್ತೀರಿ. ಗಂಗಮ್ಮಜ್ಜಿಯ ತಮ್ಮ ತೀರಿಕೊಂಡರು ಅಂತ ಹಾಕಿದ್ದಕ್ಕೂ ಗುಲಾಬಿಯೇ ಬಂತು. ಅದಕ್ಕೇ ಕಾಗದ. ಮಡಿಕೇರಿಯಲ್ಲಿ ಮಗಳ ಮನೆಯಲ್ಲಿ ಕಾಲು ಚಾಚಿ ಕೂತಿದ್ದೀರಿ, ಓದಲೇಬೇಕು.

ಸುದ್ದಿ ಏನೆಂದರೆ ಹಾಕಿ ಮ್ಯಾಚಿನಲ್ಲಿ ನಮ್ಮ ಲೈನು ಸೋತಿತು. ಸುಮ್ಮನೆ ಸೋತಿದ್ದಲ್ಲ, ನಾವು ಒಂದು ಗೋಲನ್ನೂ ಹೊಡೆಯಲಿಲ್ಲ. ಕೀಪರ್ ಗಂಗಮ್ಮಜ್ಜಿ ಸೀರೆ ಮೇಲೆ ಪ್ಯಾಡ್ ಕಟ್ಟಿಕೊಂಡು ನಿಂತಿದ್ದರು. ಬಾಲ್ ಬಂದಾಗಲೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೇಳಿದರೆ, "ಅಷ್ಟು ಜೋರಾಗಿ ಬರುವಾಗ ಅಡ್ಡ ನಿಲ್ಲುದು ಮರ್ಯಾದೆಯಾ?" ಅಂದರು. ಆದರೂ ನಾನು ಈ ಕಾಗದವನ್ನು ಖುಷಿಯಿಂದಲೇ ಬರೆಯುತ್ತಿದ್ದೇನೆ. ನಿತೇಶ್ ಕೊನೆಯವರೆಗೂ ಆಡಿದ, ಅಕ್ಕ. ನನ್ನ ತಮ್ಮ ಕೊನೆಯ ಸೀಟಿಯವರೆಗೂ ಮೈದಾನದಲ್ಲಿದ್ದ.

ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯುತ್ತೇನೆ. ಎದುರಿಗಿದ್ದರೆ ನೀವು ಥ್ಯಾಂಕ್ಸ್ ಹೇಳಲು ಬಿಡುವುದಿಲ್ಲವಲ್ಲ. ಊರಲ್ಲಿ ಮನೆತನಗಳ ಹಾಕಿ ನಡೆಯುವಾಗ ಅಜ್ಜಿ, ಮೊಮ್ಮಗ, ಸೊಸೆ ಎಲ್ಲರೂ ಒಂದೇ ಜೆರ್ಸಿ ಹಾಕಿ ಇಳಿಯುತ್ತಾರೆ. ಎಸ್ಟೇಟಿನ ಲೈನುಗಳ, ಅಂದರೆ ಸಾಲುಮನೆಗಳ ನಾವು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುವವರು. ನೀವು ಬಂದು ಲೈನುಗಳ ನಡುವೆಯೂ ಹಾಕಿ ಶುರು ಮಾಡಿಸಿ ಹೇಳಿದಿರಿ, "ಒಂದು ಲೈನ್ ಅಂದ್ರೆ ಒಂದು ಮನೆತನ. ಹೊಸದಾಗಿ ಬಂದವರೂ ಆ ಮನೆತನವೇ." ಆಮೇಲೆ ಆ ನಿಯಮ: ಒಬ್ಬರು ಬಾರದಿದ್ದರೂ ಆಟ ಶುರುವಿಲ್ಲ. ಇಡೀ ತಂಡ ಅವರ ಮನೆಗೆ ಹೋಗಿ ಕರೆಯಬೇಕು. ಯಾಕೆ ಬರಲಿಲ್ಲ ಅಂತ ಕೇಳಬಾರದು. ಬಾರದವರು ಬಂದವರಿಗೆಲ್ಲ ಕೈಯಾರೆ ಕಾಫಿ ಮಾಡಿ ಕೊಡಬೇಕು. ಆಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಈ ಅಕ್ಕನಿಗೆ ಕಾಫಿ ಕುಡಿಯಲು ಒಂದು ನೆಪ ಅಂದುಕೊಂಡಿದ್ದೆ.

ರೂಪಾಲಿ ಬಂದ ಹೊಸತು ನೆನಪಿದೆಯಾ? ಅಸ್ಸಾಮಿನಿಂದ ಗಂಡ ಹೆಂಡತಿ ಬಂದು ನಮ್ಮ ಲೈನಿನ ಕೊನೆಯ ಮನೆ ಸೇರಿದ್ದರು. ನೀವು ಅವಳ ಹೆಸರನ್ನೂ ತಂಡಕ್ಕೆ ಸೇರಿಸಿದಿರಿ, ಅವಳಿಗೆ ಅದು ಅರ್ಥವೇ ಆಗಿರಲಿಲ್ಲ. ಅವಳು ಬರಲಿಲ್ಲ ಅಂತ ನಾವೆಲ್ಲ ಆಟದ ಉತ್ಸಾಹದಲ್ಲಿ ಹೇಗಿದ್ದೆವೋ ಹಾಗೇ ಹೊರಟೆವು, ಕೈಯಲ್ಲಿ ಹಾಕಿ ಸ್ಟಿಕ್ ಹಿಡಿದುಕೊಂಡು. ಊರಿಗೆ ಹೊಸಬಳು. ಬಾಗಿಲ ಮುಂದೆ ಕೋಲು ಹಿಡಿದ ಒಂದು ದಂಡು. ಹೊಡೆದು ಓಡಿಸಲು ಬಂದರು ಅಂದುಕೊಂಡು ಅವಳು ಚಿಲಕ ಹಾಕಿ, ಮಂಚ ಎಳೆದು ಬಾಗಿಲಿಗೆ ಅಡ್ಡ ಇಟ್ಟಿದ್ದಳು. ಒಳಗೆ ಅಳುತ್ತಿದ್ದುದು ನಮಗೆ ಕೇಳಿಸಿತು. ನೀವು ಎಲ್ಲರ ಸ್ಟಿಕ್ಕನ್ನೂ ರಸ್ತೆಯಲ್ಲೇ ಇಡಿಸಿ ಜಗಲಿಯ ಮೇಲೆ ಕೂತಿರಿ. ನಾವೂ ಕೂತೆವು. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ಸ್ವಲ್ಪವೇ ತೆರೆಯಿತು. ಗಂಗಮ್ಮಜ್ಜಿ, "ಕಾಫಿ ಉಂಟಾ ಮಗಳೇ?" ಅಂದರು. ಅವಳ ಮನೆಯಲ್ಲಿ ಇದ್ದದ್ದು ಚಹಾಪುಡಿ. ಅದನ್ನೇ ಮಾಡಿಕೊಟ್ಟಳು. ಆವತ್ತಿನಿಂದ ಕರೆಯಲು ಹೋಗುವಾಗ ನಾವು ಸ್ಟಿಕ್ ಮುಟ್ಟುವುದಿಲ್ಲ.

ಈಗ ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನೀವು ಬಿದ್ದು ಮಡಿಕೇರಿಗೆ ಹೋದ ಮೇಲೆ ನಿತೇಶ್ ಮತ್ತೆ ಜಾರಿದ. ಗುರುವಾರ ಮಡಿಕೇರಿ ಆಸ್ಪತ್ರೆಯ ಕೌನ್ಸೆಲಿಂಗಿಗೆ ಅಂತ ಬಸ್ ಹತ್ತಿ, ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಿದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಸಿಗುವ ಆ ನಶೆಯ ಮಾತ್ರೆಗಳು ಅವನ ಪ್ಯಾಂಟಿನ ಮಡಿಕೆಯಲ್ಲಿ ನನ್ನ ಕೈಗೆ ಸಿಕ್ಕವು. ಮನೆಯಲ್ಲಿ ನಾವಿಬ್ಬರೇ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅಮ್ಮ ಪಿಕ್ಕಿಂಗಿಗೆ ಅಂತ ಪಾಲಿಬೆಟ್ಟದ ಮಾವನ ಮನೆಗೆ ಹೋದವರು, ಕಾಫಿ ಕೊಯ್ಲು ಮುಗಿದು ಹೂಮಳೆ ಬಂದು ಹೋದರೂ ಬಂದಿಲ್ಲ. ನನಗೆ ಯಾರಿಗೆ ಹೇಳುವುದು ಅಂತಲೇ ತಿಳಿಯಲಿಲ್ಲ. ನಿಮಗೆ ಮೆಸೇಜ್ ಟೈಪ್ ಮಾಡಿ, ಮತ್ತೆ ಅಳಿಸಿದೆ. ಗುಲಾಬಿ ಬಂದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಮ್ಯಾಚಿನ ದಿನ ಅವನು ಬರಲಿಲ್ಲ. ಎದುರಿನ ಲೈನಿನ ಕ್ಯಾಪ್ಟನ್ ಅಶೋಕ್ ನಗುತ್ತಾ, "ಅವನು ಬರುದಿಲ್ಲ ಮಾರಾಯ್ರೆ, ಬಿಟ್ಟು ಆಡಿ. ದಮಯಂತಿಯಕ್ಕ ಇಲ್ಲಿ ನೋಡ್ತಾ ಉಂಟಾ?" ಅಂದ.

ಗಂಗಮ್ಮಜ್ಜಿ ಪ್ಯಾಡ್ ಬಿಚ್ಚಲೇ ಇಲ್ಲ. ಹಾಗೇ ಡಬ್ ಡಬ್ ಅಂತ ನಡೆದರು. "ಅಕ್ಕ ನೋಡದಿದ್ರೆ ಎಂಥ? ನನಗೆ ಕಾಫಿ ಬೇಕು."

ಎಲ್ಲರೂ ಸ್ಟಿಕ್ ಬಿಟ್ಟು ಹೊರಟರು. ನಮ್ಮ ಮನೆಗೇ, ಅಕ್ಕ. ನನ್ನದೇ ಮನೆಯ ಹೊರಗೆ ನಾನು ಕರೆಯುವವಳಾಗಿ ನಿಂತಿದ್ದೆ. ನಿತೇಶ್ ಒಳಗಿನಿಂದ ಚಿಲಕ ಹಾಕಿದ್ದ. "ಹೋಗಿ ಎಲ್ಲರೂ" ಅಂತ ಕಿರುಚಿದ. ಕೆಟ್ಟ ಮಾತೂ ಬಂತು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆಗ ರೂಪಾಲಿ ಮುಂದೆ ಹೋಗಿ ಬಾಗಿಲ ಹತ್ತಿರ ಬಾಯಿ ಇಟ್ಟು, ತನ್ನ ಕನ್ನಡದಲ್ಲಿ ಹೇಳಿದಳು:

"ನಿತೇಶ್, ನಾನೂ ಬಾಗಿಲು ಹಾಕಿದೆ. ನನಗೆ ಗೊತ್ತು. ಒಳಗೆ ಭಯ ಜಾಸ್ತಿ. ಹೊರಗೆ ಕಮ್ಮಿ."

ಅಷ್ಟೇ ಹೇಳಿ ಬಂದು ಜಗಲಿಯ ಮೇಲೆ ಕೂತಳು. ನಾವೂ ಕೂತೆವು. ಮೈದಾನದಲ್ಲಿ ರೆಫರಿ ಸೀಟಿ ಊದಿ ಊದಿ ಸುಸ್ತಾದರು. ಬಹಳ ಹೊತ್ತಿನ ಮೇಲೆ ಒಳಗೆ ಪಾತ್ರೆಯ ಸದ್ದು ಕೇಳಿತು. ಬೆಲ್ಲದ ಕಾಫಿಯ ವಾಸನೆ ಬಂತು. ನನಗೆ ಅಲ್ಲೇ ಅಳು ಬಂತು, ನಿಜ ಹೇಳುತ್ತೇನೆ.

ಲೋಟಗಳನ್ನು ತಟ್ಟೆಯಲ್ಲಿಟ್ಟು ತಂದ. ಕೈ ನಡುಗಿ ಲೋಟಗಳೆಲ್ಲ ಟಣಟಣ ಅನ್ನುತ್ತಿದ್ದವು. ಅರ್ಧ ಕಾಫಿ ತಟ್ಟೆಯಲ್ಲೇ ಇತ್ತು. ಎಲ್ಲರೂ ನೋಡದ ಹಾಗೆ ಇದ್ದರು. ಗಂಗಮ್ಮಜ್ಜಿ ತಟ್ಟೆಯ ಇನ್ನೊಂದು ಅಂಚು ಹಿಡಿದು, "ನನ್ನ ಕೈಯೂ ನಡುಗ್ತದೆ ಮಗ. ಇಬ್ಬರೂ ಸೇರಿ ಹಿಡಿಯುವ," ಅಂದರು. ಆಮೇಲೆ ಒಂದು ಗುಟುಕು ಕುಡಿದು, "ಥೂ, ಬೆಲ್ಲ ಯಾರಪ್ಪನದ್ದು ಅಂತ ಇಷ್ಟು ಹಾಕಿದೆಯಾ?" ಅಂದರು. ಅವನು ನಕ್ಕುಬಿಟ್ಟ. ಲೋಟ ಇಟ್ಟು ನಮ್ಮ ಜೊತೆಗೇ ಮೈದಾನಕ್ಕೆ ಬಂದ.

ಈಗ ಗುರುವಾರದ ಬಸ್ಸಿಗೆ ಸರದಿಯ ಮೇಲೆ ಒಬ್ಬರು ಅವನ ಪಕ್ಕ ಕೂತು ಹೋಗುತ್ತಾರೆ. ಮೊನ್ನೆ ಹೋದದ್ದು ಅಶೋಕ್. ತಾನೇ ಬಂದು ಕೇಳಿದ. "ಮಡಿಕೇರಿಯಲ್ಲಿ ನನಗೂ ಕೆಲಸ ಉಂಟು" ಅಂದ. ಎಂಥ ಕೆಲಸವೂ ಇರಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನ್ ನೋಡಿ ಬಂದನಂತೆ. ನಿತೇಶ್ ಪೂರ್ತಿ ಸರಿಹೋದ ಅಂತ ನಾನು ಬರೆಯುವುದಿಲ್ಲ. ಕೆಲವು ದಿನ ಊಟ ಮಾಡುವುದಿಲ್ಲ, ನನ್ನ ಮೇಲೆ ರೇಗುತ್ತಾನೆ. ಆದರೆ ಚಿಲಕ ಹಾಕಿಕೊಳ್ಳುವುದಿಲ್ಲ.

ಅಕ್ಕ, ನಾನು ನಿಮ್ಮ ಫ್ಯಾನ್ ಅಂತ ಹೇಳಿದರೆ ನೀವು ಬೈಯುತ್ತೀರಿ. ಕಾಗದದಲ್ಲಿ ಬೈಯಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತೇನೆ: ನಾನು ನಿಮ್ಮ ದೊಡ್ಡ ಫ್ಯಾನ್. ನೀವು ಇಲ್ಲದಾಗಲೂ ನೀವು ಹೇಳಿದ್ದು ನಡೆಯಿತು. ಅದನ್ನು ತಿಳಿಸಲೇಬೇಕಿತ್ತು.

ಕಾವೇರಮ್ಮ ನಿಮ್ಮ ಕಾಲು ಬೇಗ ಗಟ್ಟಿ ಮಾಡಲಿ. ಮಗಳಿಗೆ, ಅಳಿಯನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಪವಿತ್ರಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಪಿಕ್ಕಿಂಗಿಗೆ ಹೋದದ್ದು ನಿಜ. ಆದರೆ ಹೋಗುವ ಹಿಂದಿನ ಸಂಜೆ ನಿತೇಶ್ ಮಾತ್ರೆಯ ದುಡ್ಡಿಗಾಗಿ ಅಮ್ಮನ ಓಲೆಗೆ ಕೈ ಹಾಕಿದ. ಕೊಡುವುದಿಲ್ಲ ಅಂದರು. ಎಳೆದ. ಕಿವಿ ಹರಿಯಿತು. ಅಮ್ಮ ಸೆರಗಿನಲ್ಲಿ ಕಿವಿ ಒತ್ತಿಕೊಂಡೇ ನಮಗಿಬ್ಬರಿಗೂ ಅನ್ನ ಬಡಿಸಿ, ಬೆಳಿಗ್ಗೆ ಬಸ್ ಹತ್ತಿದರು. ಈಚೆಗೆ ಅವನು ಪಾಲಿಬೆಟ್ಟಕ್ಕೆ ಒಬ್ಬನೇ ಹೋಗಿದ್ದ. ಅಮ್ಮ ಬಾಗಿಲು ತೆಗೆಯಲಿಲ್ಲ.

ನಿನ್ನೆ ಅಭ್ಯಾಸ ಮುಗಿದ ಮೇಲೆ ಅವನೇ ಎಲ್ಲರ ಮುಂದೆ ನಿಂತು, "ನಮ್ಮ ಮನೆಯಲ್ಲಿ ಒಬ್ಬರು ಬರಲಿಲ್ಲ," ಅಂದ. ಗಂಗಮ್ಮಜ್ಜಿ ಯಾಕೆ ಅಂತ ಕೇಳಲಿಲ್ಲ. "ಬಸ್ ಎಷ್ಟು ಹೊತ್ತಿಗೆ?" ಅಂತ ಕೇಳಿದರು.

ನಾಳೆ ಬೆಳಿಗ್ಗೆ ಎಲ್ಲರೂ ಪಾಲಿಬೆಟ್ಟಕ್ಕೆ ಹೋಗುತ್ತಿದ್ದೇವೆ. ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂರುತ್ತೇವೆ. ಕಾಫಿ ಬಾರದವರೇ ಮಾಡಬೇಕು ಅಂತ ನಿಮ್ಮ ನಿಯಮ, ಅಕ್ಕ. ಆದರೆ ನಿತೇಶ್ ಆಗಲೇ ಪುಡಿ, ಬೆಲ್ಲ ಕಟ್ಟಿಟ್ಟುಕೊಂಡಿದ್ದಾನೆ. ಈ ಒಂದು ಸಲ ಬಿಟ್ಟುಬಿಡಿ.