ಮಗುವಿನ ಮೇಲಿಟ್ಟು ಆಡಿದ ಮಾತು

ಅಜ್ಜಂಪುರ
24-11-2025, ಸೋಮವಾರ, ಇನ್ನೂ ಕತ್ತಲೆ

ಚಾರ್ವಿ ಅಪ್ಪನವರಿಗೆ,

ಈಗ ಗಂಟೆ ಎರಡೂಕಾಲು. ನಡುಮನೆಯಲ್ಲಿ ಅತ್ತೆ ಟ್ರಂಕಿನ ಮುಚ್ಚಳ ಎತ್ತಿದ ಸದ್ದಿಗೆ ಎಚ್ಚರವಾಯಿತು. ಬೆಳಗ್ಗೆ ನಮ್ಮ ಪುಟ್ಟಿಗೆ ಹಾಕುವುದಕ್ಕೆ ಹೊಸ ಫ್ರಾಕು ತೆಗೆದಿಟ್ಟುಕೊಳ್ಳುತ್ತಿದ್ದಾರೆ. ಆ ವಿಷಯಕ್ಕೇ ಈ ಕಾಗದ. ಅದಕ್ಕೆ ಮುಂಚೆ, ನಿಮ್ಮ ಸೊಂಟನೋವು ಹೇಗಿದೆ? ಭತ್ತ ಕೊಯ್ಯುವ ಮಷಿನ್ ಮೇಲೆ ಕೂತರೆ ಇಳಿಯುವುದೇ ಇಲ್ಲ ನೀವು. ಭತ್ತದ ಧೂಳಿಗೆ ಕೆಮ್ಮು ಜಾಸ್ತಿಯಾಗಿದೆ ಎಂದು ಮೊನ್ನೆ ನಿಮ್ಮ ದನಿಯಲ್ಲೇ ಗೊತ್ತಾಯಿತು. ಮೂಗಿಗೆ ಟವೆಲ್ ಕಟ್ಟಿಕೊಳ್ಳಿ, ನಗುವವರು ನಗಲಿ. ಸಿಂಧನೂರಿನ ನೀರು ಹಿಡಿಸದಿದ್ದರೆ ಕಾಯಿಸಿ ಕುಡಿಯಿರಿ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀರಿ. ನಿಮ್ಮ ಫೋನ್ ರಾತ್ರಿಯಿಂದ ಸ್ವಿಚ್ ಆಫ್. ಆನ್ ಇದ್ದಿದ್ದರೂ ಈ ಮನೆಯಲ್ಲಿ ನಿಮ್ಮ ಫೋನ್ ಎಂದರೆ ಸ್ಪೀಕರಿಗೆ ಹಾಕಿ ನಡುಮನೆಯಲ್ಲಿಟ್ಟು ಎಲ್ಲರೂ ಕೇಳುವ ಫೋನು. ನಾನು ಊಟ ಮಾಡಿದ್ರಾ ಎಂದು ಕೇಳಬಹುದು, ಅಷ್ಟೇ. ಬರೆದು, ಫೋಟೊ ತೆಗೆದು ಕಳಿಸುತ್ತೇನೆ. ಮಷಿನ್‌ಗೆ ಗ್ರೀಸ್ ಹಾಕಲು ನಸುಕಿನಲ್ಲಿ ಎದ್ದಾಗ ಮೊದಲು ಫೋನ್ ಆನ್ ಮಾಡುತ್ತೀರಲ್ಲ, ಆಗ ಸಿಗುತ್ತದೆ ಎಂಬ ನಂಬಿಕೆ.

ಬೀರೂರಿನ ಆಚೆ ಒಂದು ಹಟ್ಟಿಯಲ್ಲಿ ಮಾತು ಬಾರದ ಮಕ್ಕಳ ನಾಲಿಗೆ ಬಿಡಿಸುವವನು ಇದ್ದಾನಂತೆ. ಬೀದಿಯ ಕೊನೆಮನೆ ದ್ಯಾಮಮ್ಮ ಅತ್ತೆಗೆ ಹೇಳಿದ್ದು. ನಾಲಿಗೆಯ ಕೆಳಗಿನ ತೊಗಲನ್ನು ಬ್ಲೇಡಿನಲ್ಲಿ ಕುಯ್ದು ಅರಿಶಿನ ತುಂಬುತ್ತಾನೆ. ಮಗು ಬರಿ ಹೊಟ್ಟೆಯಲ್ಲಿರಬೇಕು, ಹೊಸ ಬಟ್ಟೆ ಉಟ್ಟಿರಬೇಕು, ತಾಯಿ ಹತ್ತಿರ ಇರಬಾರದು. ಇವತ್ತು ಆರೂವರೆ ಬಸ್ಸಿಗೆ ಅತ್ತೆ ಮಾವ ಇಬ್ಬರೂ ಅವಳನ್ನು ಎತ್ತಿಕೊಂಡು ಹೊರಡುತ್ತಾರೆ. ಹೋದ ವಾರ ಅತ್ತೆ ಕೇಳಿದಾಗ ನೀವು ಏನು ವಿಷಯವೆಂದೂ ವಿಚಾರಿಸದೆ "ಅವ್ವಾ, ನಿಂಗೆ ಸರಿ ಕಂಡಂಗೆ ಮಾಡು" ಎಂದಿರಿ. ಹಿಂದೆ ಮಷಿನ್ ಗಡಗಡ ಎನ್ನುತ್ತಿತ್ತು. ನೀವು ಏನು ಕೇಳಿಸಿಕೊಂಡು ಹಾಗೆಂದಿರೋ ನನಗೆ ತಿಳಿಯದು. ಇವರಿಗೆ ಅದೇ ಅಪ್ಪಣೆಯಾಯಿತು.

ಅತ್ತೆಯ ಮೇಲೆ ದೂರು ಹೇಳುತ್ತಿಲ್ಲ. ಪುಟ್ಟಿಗೆ ವರ್ಷ ತುಂಬಿದಾಗಿನಿಂದ ದಿನಾ ಬೆಳಗ್ಗೆ ಬಜೆ ತೇದು ನಾಲಿಗೆಗೆ ಹಚ್ಚಿದ್ದಾರೆ. ನಮ್ಮ ಬೀರಪ್ಪನಿಗೆ ಹರಕೆ ಹೊತ್ತು ಬೆಲ್ಲ ಬಿಟ್ಟಿದ್ದಾರೆ, ಸಿಹಿಯಿಲ್ಲದ ಕಾಫಿ ಕುಡಿಯುತ್ತಾರೆ. "ನಮ್ ಕನಕರಾಜೂನೂ ಮೂರು ವರ್ಸ ತುಂಬೋಗಂಟ ಬಾಯ್ ಬುಟ್ಟಿರ್ಲಿಲ್ಲ, ಆಮ್ಯಾಕೆ ಮುಚ್ಲೇ ಇಲ್ಲ" ಎಂದು ನಿಮ್ಮ ಹೆಸರು ಹೇಳಿ ನಗಿಸುತ್ತಿದ್ದವರು, ಪುಟ್ಟಿಗೂ ಮೂರು ತುಂಬಿದ ಮೇಲೆ ಆ ಮಾತು ಬಿಟ್ಟಿದ್ದಾರೆ. ಅವರಿಗೂ ಭಯ. ನನ್ನಂತೆಯೇ ನಿದ್ದೆಯಿಲ್ಲ, ಅದಕ್ಕೇ ಈ ಹೊತ್ತಲ್ಲಿ ಟ್ರಂಕು.

ನಿಮಗೆ ನೆನಪಿರಬೇಕು, ಮದುವೆ ಮಾತುಕತೆಗೆ ಕಡೂರಿಗೆ ಬಂದಾಗ ನಮ್ಮಪ್ಪ ಹೆಮ್ಮೆಯಿಂದ ತೋರಿಸಿದ್ದು ನಾನು ಭಾಷಣ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು. ಮದುವೆಯವರೆಗೂ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅದನ್ನೇ ಪಾಠ ಮಾಡಿದೆ. ಆಡುವವನು, ಆಡಿದ ಮಾತು, ಮಾತು ಸಾಗುವ ದಾರಿ, ಕೇಳುವವನು. ಇಷ್ಟೇ ಸಾಲದು, ಮಾತು ಮುಟ್ಟಿತೋ ಇಲ್ಲವೋ ಎಂದು ಕೇಳುವವನ ಮುಖ ನೋಡಿ ತಿಳಿಯಬೇಕು, ಕೊನೆ ಬೆಂಚಿನವನ ಹುಬ್ಬು ಅಲುಗದಿದ್ದರೆ ನೀವು ಮಾತೇ ಆಡಿಲ್ಲ ಎಂದು ತಿಳಿಯಿರಿ ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಆ ಧನ್ಯಶ್ರೀ ಮೇಡಂ ನಿಮ್ಮ ಮನೆಗೆ ಬಂದು ಇಷ್ಟು ವರ್ಷವಾದರೂ ಮಾವನ ಎದುರು ನೇರವಾಗಿ ಒಂದು ಮಾತು ಆಡಿರಲಿಲ್ಲ. ಸೊಸೆ ಮಾವನ ಮುಖ ನೋಡಿ ಮಾತಾಡುವ ಪದ್ಧತಿ ಇಲ್ಲವಲ್ಲ. ಮೊದಲು ಅತ್ತೆಯ ಮೂಲಕ, ಪುಟ್ಟಿ ಹುಟ್ಟಿದ ಮೇಲೆ ಎಲ್ಲವೂ ಅವಳ ಮೇಲಿಟ್ಟು. ತೊಟ್ಟಿಲಲ್ಲಿ ಮಲಗಿದವಳಿಗೆ "ಪುಟ್ಟಿ, ತಾತಂಗೆ ಹೇಳು, ಊಟಕ್ಕೆ ಬಡಿಸಿದೆ ಅಂತ" ಎಂದು ನಾನು. "ಮಗ, ನಿಮ್ಮವ್ವಂಗೇಳು, ಮುದ್ದೆ ಇವತ್ತು ಗಟ್ಟಿಯಾಯ್ತು" ಎಂದು ಅವರು. ಅತ್ತೆ ಮಾವ ಜಗಳವಾಡಿದ ದಿನವಂತೂ "ನಿಮ್ ತಾತಂಗೆ ಹೇಳು, ಬುದ್ಧಿ ಇದ್ರೆ ಪ್ಯಾಟೆಯಿಂದ ಹೊತ್ತಿಗೆ ಸರ್ಯಾಗಿ ಬರ್ಲಿ", "ನಿಮ್ಮಜ್ಜಿಗೆ ಹೇಳು, ಬಾಯಿಗೆ ಬೀಗ ತತ್ತೀನಿ ಅಂತ". ಅವಳು ಇಬ್ಬರ ಮುಖವನ್ನೂ ಮಿಕಮಿಕ ನೋಡುತ್ತಿದ್ದಳು. ಈ ಕಾಗದದ ಮೊದಲ ಸಾಲಿನಲ್ಲಿ ನಾನೂ ನಿಮ್ಮನ್ನು ಅವಳ ಮೇಲಿಟ್ಟೇ ಕರೆದಿದ್ದೇನೆ, ನೋಡಿ.

ಮನೆಯ ಮಾತೆಲ್ಲ ಅವಳಿಗೇ ಹೇಳುತ್ತಿದ್ದೆವು, ಉತ್ತರ ಮಾತ್ರ ಬೇರೆ ಯಾರೋ ಕೊಡುತ್ತಿದ್ದರು. ಅವಳು ಉತ್ತರಿಸಲಿ ಎಂದು ಯಾರೂ ಕಾಯಲಿಲ್ಲ. ಅವಳ ಮುಖದಲ್ಲಿ ಆ ಮಾತು ಮುಟ್ಟಿದ ಗುರುತು ಇದೆಯೇ ಎಂದು ನೋಡಲಿಲ್ಲ, ಪಾಠ ಹೇಳಿದ ನಾನೂ ನೋಡಲಿಲ್ಲ.

ಗುರುವಾರ ತವರಿಗೆಂದು ಹೇಳಿ ಪುಟ್ಟಿಯನ್ನು ಎತ್ತಿಕೊಂಡು ಹೊರಟವಳು ತರೀಕೆರೆಗೂ ಹೋಗಿಬಂದೆ. ಅದನ್ನು ಕೊನೆಗೆ ಬರೆಯುತ್ತೇನೆ, ಈಗ ಕೈ ಬರುತ್ತಿಲ್ಲ.

ನಿನ್ನೆ ಸಂಜೆ ಏನಾದರಾಗಲಿ ಎಂದು ಮಾವನಿಗೆ ನೇರವಾಗಿ ಹೇಳಲು ನಿಶ್ಚಯ ಮಾಡಿದೆ. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಾ ಮಾತನ್ನು ಹೊಂದಿಸಿಕೊಂಡೆ. ಮೊದಲು ಒಪ್ಪುವ ಮಾತು, ಆಮೇಲೆ ಒಂದೇ ಒಂದು ವಿಷಯ, ದನಿ ಏರಬಾರದು, ಅಳಬಾರದು. ಮಾವ ಕೂತಿದ್ದ ಜಗಲಿಯ ಕಂಬದ ಹತ್ತಿರ ಹೋಗಿ ನಿಂತೆ. "ಮಾವಾ, ಪುಟ್ಟಿ ಮೇಲೆ ನಿಮಗಿರೋ ಪ್ರೀತಿ ನನಗೆ ಗೊತ್ತು. ಆದರೆ ಅವಳ ಬಾಯಿಗೆ ಬ್ಲೇಡು ಹಾಕಿಸಬೇಡಿ" ಎಂದೆ. ಅಷ್ಟೇ. ಮಾವ ನನ್ನ ಕಡೆ ತಿರುಗಲೇ ಇಲ್ಲ. ಬಯ್ಯಲೂ ಇಲ್ಲ. ತೊಡೆಯ ಮೇಲಿದ್ದ ಪುಟ್ಟಿಯ ತಲೆ ಸವರಿ, "ಮಗ, ನಿಮ್ಮವ್ವಂಗೇಳು, ನಿಮ್ಮಪ್ಪ ಒಪ್ಪವ್ನೆ ಅಂತ. ಅವ್ನು ಬ್ಯಾಡ ಅಂದ್ರೆ ನಾನ್ಯಾಕ್ ವೋಗ್ಲಿ" ಎಂದರು. ಒಳಗಿನಿಂದ ಅತ್ತೆ, "ಮೈಕ್ ತರ್ಸನೇನವ್ವಾ ಮೇಡಮ್ಮಾ? ಊರೋರ್ನೂ ಕರಿ, ಬಾಸಣ ಕೇಳ್ಲಿ" ಎಂದರು. ಪುಟ್ಟಿ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಳು, ನನ್ನ ಹಾಗೇ ತುಟಿ ಅಲುಗಿಸಿ, ಸದ್ದಿಲ್ಲದೆ.

ಮಾವನ ಆ ಮಾತೊಂದೇ ನನಗೆ ಉಳಿದಿರುವ ಆಸರೆ. ನೀವು ಬೇಡ ಎಂದರೆ ಅವರು ಹೋಗುವುದಿಲ್ಲ.

ಇನ್ನೇನು ಬರೆಯಲಿ. ಅಂಗಳದ ಕರಿಬೇವು ಚಿಗುರಿದೆ. ತವರಲ್ಲಿ ಅನಿತಾ ಅತ್ತಿಗೆ ನಿಮ್ಮನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಷಿನ್ ಕೆಳಗೆ ಮಲಗಬೇಡಿ. ಬೀರಪ್ಪ ನಿಮ್ಮನ್ನು ಕಾಯಲಿ.

ನಿಮ್ಮ
ಧನ್ಯಶ್ರೀ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ತರೀಕೆರೆಯ ಮಕ್ಕಳ ಡಾಕ್ಟರು ಪುಟ್ಟಿಯ ಬಾಯಿ ನೋಡಿ ನಾಲಿಗೆಗೆ ಏನೂ ಆಗಿಲ್ಲ ಎಂದರು. ಕಿವಿ ನೋಡುವವರ ಹತ್ತಿರ ಕಳಿಸಿದರು. ಅವಳ ಕೈಗೆ ಬಣ್ಣದ ಬಳೆ ಕೊಟ್ಟು ಆಡಲು ಬಿಟ್ಟು, ಬೆನ್ನ ಹಿಂದೆ ಅವಳಿಗೆ ಕಾಣದ ಹಾಗೆ ತಾಳ ಬಡಿದರು. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ನಾನು ಬೆಚ್ಚಿಬಿದ್ದೆ. ಅವಳು ಬಳೆ ಜೋಡಿಸುತ್ತಲೇ ಇದ್ದಳು. ಎರಡು ಕಿವಿಯೂ ಹಾಗೇ ರೀ. ಶಿವಮೊಗ್ಗದಲ್ಲಿ ದೊಡ್ಡ ಪರೀಕ್ಷೆ ಮಾಡಿಸಬೇಕು, ಬೇಗ ಮಾಡಿಸಿದರೆ ಕಿವಿಗೆ ಮಷಿನ್ ಹಾಕಿ ಮಾತು ಕಲಿಸಬಹುದು, ಈಗಾಗಲೇ ತಡವಾಗಿದೆ ಎಂದರು. ಇಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳದೆ ಬೇರೆಯವರಿಗೆ ಹೇಗೆ ಹೇಳಲಿ? ಅವಳ ನಾಲಿಗೆ ಕುಯ್ದರೆ ನೋವಿಗೆ ಅವಳು ಕಿರುಚುತ್ತಾಳೆ, ಅದೂ ಅವಳಿಗೆ ಕೇಳಿಸುವುದಿಲ್ಲ. ನೀವು ಫೋನ್ ಮಾಡಿ ತಡೆಯದಿದ್ದರೆ ನಾನು ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನರ ಮುಂದೆ ನಿಂತು ಕೂಗಿ ಹೇಳಲೇಬೇಕಾಗುತ್ತದೆ. ಹೇಳುತ್ತೇನೆ, ಹೆದರುವುದಿಲ್ಲ. ಆದರೆ ನಮ್ಮ ಮಗಳ ವಿಷಯ ಮಾವನಿಗೆ ಹಾಗೆ ಗೊತ್ತಾಗುವುದು ಬೇಡ. ಅತ್ತೆಯ ಫೋನಿಗೆ ಮಾಡಬೇಡಿ, ಅದು ಸ್ಪೀಕರಿಗೆ ಹೋಗುತ್ತದೆ. ಮಾವನ ಚಿಕ್ಕ ಫೋನಿಗೆ ಮಾಡಿ, ಮಷಿನ್ ಆಫ್ ಮಾಡಿ ಮಾತಾಡಿ. ಬೆಳಗಾಗುವುದರೊಳಗೆ ಮಾಡಿ. ರೀ, ದಮ್ಮಯ್ಯ ಅಂತೀನಿ, ಇದನ್ನು ಓದಿದ ತಕ್ಷಣ ಫೋನ್ ಮಾಡಿ.