ಕಮಾನಿನ ಕೆಳಗೆ ಹೋಗದವಳು

ಫ್ಲ್ಯಾಗ್‌ಸ್ಟಾಫ್, ಅಕ್ಟೋಬರ್ 9

ಪ್ರೀತಿಯ ಲೀಲ್ಯಾಂಡ್ ಮಾವನಿಗೆ,

ಪತ್ರ ಬರೆಯುತ್ತಿರುವುದಕ್ಕೆ ಸಾರಿ. ಫೋನಿನಲ್ಲಾದರೆ ನೀವು ನಗುತ್ತೀರಿ, ನಾನು ಮಾತು ನುಂಗುತ್ತೇನೆ.

ಭೂವಿಜ್ಞಾನ ತರಗತಿಯ ಐವರನ್ನು ನಮ್ಮ ಕಣಿವೆಗೆ ಕರೆದುಕೊಂಡು ಹೋಗಿದ್ದೆ. ಕುಡಿಯುವ ನೀರನ್ನೂ ಬೆನ್ನ ಮೇಲೆ ಹೊತ್ತು, ಎರಡು ದಿನ ನಡೆದು ಕಲ್ಲಿನ ಕಮಾನು ತಲುಪಿದೆವು. ಎಲ್ಲರೂ ಅದರ ಕೆಳಗೆ ನುಗ್ಗಿದರು. ಅದು ನಮ್ಮವರಿಗೆ ಪವಿತ್ರ, ಪ್ರಾರ್ಥನೆ ಹೇಳದೆ ಕೆಳಗೆ ಹೋಗಬಾರದು ಎಂದಿದ್ದಿರಲ್ಲ, ನಾನೊಬ್ಬಳೇ ಪಕ್ಕದ ಗುಡ್ಡದ ಜಾರುವ ಕಲ್ಲುಗಳ ಮೇಲೆ ಹತ್ತಿ ಕಮಾನನ್ನು ಸುತ್ತಿಕೊಂಡು ಬಂದೆ.

“ಏನಮ್ಮ ಗೈಡು, ನಿಮ್ಮೂರ ಕಲ್ಲಿಗೆ ನೀನೇ ಹೆದರ್ತೀಯಾ?” ಅಂದ ಅವರಲ್ಲೊಬ್ಬ, ಬ್ರೆಂಟ್.

“ಮೊಣಕಾಲು ನೋವು ಕಣೋ,” ಅಂದೆ.

ಮೊಣಕಾಲು ನೋವಿರುವವಳು ಗುಡ್ಡ ಹತ್ತುತ್ತಾಳಾ? ಎಲ್ಲರೂ ನಕ್ಕರು.

ಸಿಟ್ಟು ಅವರ ಮೇಲಲ್ಲ ಮಾವ, ನಿಮ್ಮ ಮೇಲೆ. ಹೋಗಬೇಡ ಎಂಬುದನ್ನು ಕಲಿಸಿದಿರಿ, ಪ್ರಾರ್ಥನೆ ಕಲಿಸಲಿಲ್ಲ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದವಳಿಗೆ ನಮ್ಮ ನವಾಹೋ ಜನರ ಮಾತುಗಳನ್ನು ಬೇರೆ ಯಾರು ಹೇಳಿಕೊಡಬೇಕಿತ್ತು?

ಮುಂದಿನ ಶನಿವಾರ ಭೂವಿಜ್ಞಾನದ ಮೇಡಂ ಇನ್ನೂ ಎಂಟು ಜನರನ್ನು ನನ್ನ ಜೊತೆ ಕಳಿಸುತ್ತಾರೆ. ಆ ಪ್ರಾರ್ಥನೆಯನ್ನು ಕಾಗದದ ಮೇಲೆ ಬರೆಯಬಾರದೆಂದಾದರೆ ನೀವೇ ಕಣಿವೆಯ ಬಾಯಿಗೆ ಬನ್ನಿ. ನಡೆಯುತ್ತಾ ಕಲಿಯುತ್ತೇನೆ. ಮೊಣಕಾಲಿನ ಸುಳ್ಳು ಇನ್ನೊಮ್ಮೆ ಹೇಳಲಾರೆ.

ಬರುತ್ತೀರೋ ಇಲ್ಲವೋ, ಬೇಗ ತಿಳಿಸಿ.

ನಿಮ್ಮ ಅಕ್ಕನ ಮಗಳು,
ಕೈಲೀನ್